ದೋನ್ಯಾ ತೋಲಾಳ ಮೂಗು

ಪೋರ್ತಾಲೆಸ್ ಬಡಾವಣೆಯ ನೋಟರಿ ಕಚೇರಿಯೊಂದರಲ್ಲಿ ಕಾಗದಗಳಿಗೆ ಠಸ್ಸೆ ಒತ್ತುವ ಕೆಲಸಕ್ಕೆ ಸೇರಿದ ಮೊದಲ ದಿನ ಎವೆರಾರ್ದೊ ಮಧ್ಯಾಹ್ನದ ಊಟಕ್ಕೆಂದು ಮೂಲೆಯ ‘ಫೋಂದಾ ತೋಲಾ’ ಎಂಬ ಸಣ್ಣ ಊಟದಂಗಡಿಗೆ ಹೋದ. ಇದನ್ನು ಬರೆಯುತ್ತಿರುವವನೂ ಅವನೇ. ಆದರೆ ‘ನಾನು’ ಎಂದುಕೊಂಡು ಮುಂದೆ ಬಂದು ನಿಲ್ಲುವಂಥ ಘನಕಾರ್ಯವನ್ನೇನೂ ಅವನು ಇದರಲ್ಲಿ ಮಾಡಿಲ್ಲವಾದ್ದರಿಂದ ‘ಅವನು’ ಎಂದರೆ ಸಾಕು.

ಫೋಂದಾದ ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ದೊಡ್ಡ ಕಿಂಡಿ. ಅದರ ಹಿಂದೆ ಗುಂಡುಮುಖದ, ಕೂದಲನ್ನು ಬಲೆಯೊಳಗೆ ಕಟ್ಟಿಕೊಂಡ ಒಬ್ಬ ಹೆಂಗಸು. ಪ್ರತಿ ತಟ್ಟೆಯನ್ನೂ ಹೊರಗೆ ಕಳಿಸುವ ಮೊದಲು ಆಕೆ ಅದನ್ನು ಮೂಗಿನ ಹತ್ತಿರ ಎತ್ತಿ, ಕಣ್ಣು ಮುಚ್ಚಿ, ಒಂದು ಸಲ ಉಸಿರೆಳೆದುಕೊಂಡು ಆಮೇಲೆ ಕೊಡುತ್ತಿದ್ದಳು. ಎವೆರಾರ್ದೊ ಎತ್ತಿದ ಚಮಚವನ್ನು ಕೆಳಗಿಟ್ಟ. ಅವನ ಮನೆಯಲ್ಲಿ ಪಾತ್ರೆ ಮೂಸುವುದೆಂದರೆ ನಿನ್ನೆಯ ಬೀನ್ಸ್ ಹಳಸಿದೆಯೋ ಇಲ್ಲವೋ ಎಂದು ನೋಡುವುದಕ್ಕೆ. ಇಲ್ಲಿ ಎಲ್ಲವೂ ಹಳಸುವ ಅಂಚಿನಲ್ಲಿದೆ, ಪಾಪ ಈ ಹೆಂಗಸು ಒಂದೊಂದನ್ನೂ ಪರೀಕ್ಷಿಸಿ ಜನರ ಪ್ರಾಣ ಉಳಿಸುತ್ತಿದ್ದಾಳೆ ಎಂದುಕೊಂಡು ಸೂಪನ್ನು ಹಾಗೇ ಬಿಟ್ಟು ಎದ್ದ. ಎರಡು ವಾರ ಕಚೇರಿಯ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿಂದ. ಕೊನೆಗೆ ಹಸಿವು ತಡೆಯಲಾರದೆ ಮತ್ತೆ ಹೋಗಿ, ಕಿಂಡಿಯೊಳಗೆ ತಲೆ ಹಾಕಿ, ತೀರಾ ಗುಟ್ಟಿನಲ್ಲಿ ಕೇಳಿದ.

“ಅಮ್ಮಾ, ಇವತ್ತಿಂದು ಕೆಟ್ಟಿಲ್ಲ ತಾನೇ?”

“ಕೆಟ್ಟಿರೋದು ನಿನ್ನ ಕಾಲುಚೀಲ ಕಣೋ ಮಗನೇ” ಎಂದಳು ಆಕೆ, ಗುಟ್ಟಿಲ್ಲದೆ. “ನೀನು ಬಾಗಿಲಲ್ಲಿ ಕಾಲಿಟ್ಟಾಗಲೇ ಗೊತ್ತಾಯ್ತು. ಹೋಗು, ಕೂತ್ಕೋ.”

ಇಡೀ ಕೋಣೆ ನಕ್ಕಿತು. ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದ ಒಂದು ಮಗು ಕೂಡ, ಏನೂ ಅರ್ಥವಾಗದೆ, ಚಮಚ ಬಡಿದು ನಕ್ಕಿತು. ಅಂದಿನಿಂದ ಅವನಿಗೆ ಅಲ್ಲಿ ‘ವಕೀಲರು’ ಎಂದು ಹೆಸರು. ಠಸ್ಸೆ ಒತ್ತುವವನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೇ.

ಆಕೆಯ ಪೂರ್ತಿ ಹೆಸರು ಎಯುಸ್ತೋಲಿಯಾ ಬಾರ್ರಿಯೆಂತೋಸ್. ಹಾಗೆ ಕರೆಯುತ್ತಿದ್ದದ್ದು ಆರೋಗ್ಯ ಇಲಾಖೆಯವರು ಮಾತ್ರ. ಉಳಿದ ಲೋಕಕ್ಕೆಲ್ಲ, ಗೌರವಕ್ಕೊಂದು ‘ದೋನ್ಯಾ’ ಸೇರಿಸಿ, ದೋನ್ಯಾ ತೋಲಾ. ತ್ಲಾಸ್ಕಾಲಾ ಕಡೆಯ ಹಳ್ಳಿಯಿಂದ ತಾಯಿಯ ಸೆರಗು ಹಿಡಿದು ಈ ನಗರಕ್ಕೆ ಬಂದವಳು. ತಾಯಿ ಸಂತೆಯ ಬಾಗಿಲಲ್ಲಿ ಕೆಂಡದ ಒಲೆ ಇಟ್ಟುಕೊಂಡು ಗಿಣ್ಣು ತುಂಬಿ ಮಡಚಿದ ಕೆಸಾದಿಯಾ ರೊಟ್ಟಿ ಸುಡುತ್ತಿದ್ದಳು. ಅಂಗಡಿಯವನು ಕೊಟ್ಟ ಮೆಕ್ಕೆಜೋಳದ ಹಿಟ್ಟು ಬೆಳಗಿನದೋ ನಿನ್ನೆಯದೋ ಎಂದು ಮಗಳ ಮೂಗಿಗೆ ಹಿಡಿದು ಕೇಳುತ್ತಿದ್ದಳಂತೆ. ಮಗಳು ತಪ್ಪಿದ್ದೇ ಇಲ್ಲವಂತೆ. ಮುಂದೆ ತೋಲಾ ನಾಬೋರ್ ಎಂಬ ಬಸ್ ಚಾಲಕನನ್ನು ಮದುವೆಯಾದಳು. ನಾಬೋರ್ ತನ್ನ ಬಸ್ಸಿನ ನೆತ್ತಿಯ ಮೇಲೆ ಆರು ತಗಡಿನ ಮೇಜು ಹೇರಿಕೊಂಡು ಬಂದು, ಮೂರು ಮಹಡಿಯ ಹಳೆಯ ಕಟ್ಟಡದ ಕೆಳಗಿನ ಕೋಣೆಯಲ್ಲಿ ಇಳಿಸಿ, “ತಗೋ, ನಿನ್ನ ರಾಜ್ಯ” ಎಂದ. ಗಂಡ ಹೋದ. ಮೇಜುಗಳು ಇನ್ನೂ ಇವೆ. ಈಗ ತಟ್ಟೆ ಕೊಂಡೊಯ್ಯುವುದು, ಗಿರಾಕಿಗಳನ್ನು ಗದರಿಸುವುದು ಮಗಳು ಯಾದಿರಾ.

ಆ ಮೇಜುಗಳ ಸುತ್ತ ಪೋರ್ತಾಲೆಸ್‌ನ ಅರ್ಧದಷ್ಟು ಮನೆಗಳವರು ದೊಡ್ಡವರಾದರು. ಹಸಿದು ಹಟ ಮಾಡುವ ಮಕ್ಕಳಿಗೆ ತೋಲಾ ಕಿಂಡಿಯಿಂದಲೇ ಒಂದೊಂದು ಉಂಡೆ ಹಿಟ್ಟು ಎಸೆಯುತ್ತಿದ್ದಳು. ಮಕ್ಕಳು ಅದರಲ್ಲಿ ಆಮೆ, ನಾಯಿ, ಮೂತಿ ಇಲ್ಲದ ಕುದುರೆ ಮಾಡಿ ಕೊಟ್ಟರೆ ಆಕೆ ಅದನ್ನು ಹಂಚಿನ ಮೇಲೆ ಸುಟ್ಟು ತಟ್ಟೆಯಲ್ಲಿಟ್ಟು ಮರ್ಯಾದೆಯಿಂದ ವಾಪಸು ಕಳಿಸುತ್ತಿದ್ದಳು. ಹಾಗೆ ಆಮೆ ತಿಂದು ಬೆಳೆದವರು ಈಗ ತಮ್ಮ ಮಕ್ಕಳನ್ನು ತಂದು ಅದೇ ಎತ್ತರದ ಕುರ್ಚಿಯಲ್ಲಿ ಕೂರಿಸುತ್ತಾರೆ.

ಆದರೆ ತೋಲಾಳ ಮೂಗಿಗೆ ಇದ್ದ ಹೆಸರು ಬರೀ ಅಡುಗೆಯದಾಗಿರಲಿಲ್ಲ.

ನೆಲ ನಡುಗುವ ಊರು ಇದು. ನಡುಕ ನಿಂತ ಮೇಲೆ ಎರಡನೆಯ ಭಯ ಶುರುವಾಗುತ್ತದೆ, ಗ್ಯಾಸಿನದು. ತಾರಸಿಯ ಮೇಲೆ ದೊಡ್ಡ ಟ್ಯಾಂಕು, ಅಲ್ಲಿಂದ ಮನೆ ಮನೆಗೆ ಇಳಿಯುವ ತಾಮ್ರದ ಕೊಳವೆ. ಎಲ್ಲಿ ಬೆಸುಗೆ ಬಿಟ್ಟಿದೆಯೋ ಯಾರಿಗೆ ಗೊತ್ತು. ರಸ್ತೆಗೆ ಓಡಿ ಬಂದು ನಿಂತವರಲ್ಲಿ ಒಬ್ಬರು “ಗ್ಯಾಸ್ ವಾಸನೆ!” ಎಂದರೆ ಸಾಕು, ಎಲ್ಲರಿಗೂ ಹೊಡೆಯುತ್ತದೆ. ಇನ್ನೊಬ್ಬರು “ಏನೂ ಇಲ್ಲ ಬಿಡಿ” ಎಂದರೆ ಆ ಕ್ಷಣಕ್ಕೆ ಅದೂ ನಿಜವೆನ್ನಿಸುತ್ತದೆ. ಹೆದರಿದವರ ಮೂಗು ಯಾವ ಸಾಕ್ಷಿಗೂ ಬರುವುದಿಲ್ಲ. ಹಿಂದೊಮ್ಮೆ ಎಲ್ಲರೂ ಏನೂ ಇಲ್ಲ ಎಂದು ಒಳಗೆ ಹೊರಟಿದ್ದಾಗ ತೋಲಾ ಒಬ್ಬಳೇ ಎರಡನೇ ಮಹಡಿಯ ರಮೋನಾ ಉಗಾಲ್ದೆಯ ಬಾಗಿಲಿಗೆ ಅಡ್ಡ ನಿಂತು, ಕಡ್ಡಿ ಗೀರಲು ಬಿಡದೆ, ಅವಳ ಸಂಸಾರವನ್ನೆಲ್ಲ ಕೆಳಗೆ ಎಳೆದು ತಂದಿದ್ದಳು. ಒಲೆಯ ಹಿಂದಿನ ಕೊಳವೆ ಬಾಯಿ ಬಿಟ್ಟಿದ್ದು ನಿಜವಾಗಿತ್ತು. ಅದಾದ ಮೇಲೆ ಆ ಕಟ್ಟಡದಲ್ಲಿ ಒಂದು ಪದ್ಧತಿಯೇ ಬೆಳೆದುಬಂತು. ನೆಲ ನಡುಗಿತೇ, ಎಲ್ಲರೂ ರಸ್ತೆಯಲ್ಲಿ ನಿಲ್ಲಬೇಕು. ತೋಲಾ ಒಳಗೆ ಹೋಗಬೇಕು, ಮೂಸಬೇಕು, ಬಂದು ಹೇಳಬೇಕು. ಆಕೆ “ಬನ್ನಿ” ಎಂದ ಮೇಲೆಯೇ ಯಾರಾದರೂ ಹೊಸ್ತಿಲು ದಾಟುವುದು. ರಮೋನಾ ತನ್ನ ಮಗನ ದೀಕ್ಷಾಸ್ನಾನಕ್ಕೆ ಆಕೆಯನ್ನೇ ಧರ್ಮತಾಯಿಯಾಗಿ ನಿಲ್ಲಿಸಿಕೊಂಡಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಕೊಮಾದ್ರೆ’, ಅಂದರೆ ಸಹತಾಯಿ, ಎಂದು ಕರೆಯುತ್ತ, ಅಕ್ಕತಂಗಿಯರಿಗಿಂತ ಹತ್ತಿರವಾಗಿ, ಅಕ್ಕತಂಗಿಯರಿಗಿಂತ ಜೋರಾಗಿ ಜಗಳವಾಡುತ್ತ ಇದ್ದರು.

ಈ ವರ್ಷ ಜನವರಿಯಲ್ಲಿ ತೋಲಾಳಿಗೆ ಜ್ವರ ಬಂತು. ನೆಗಡಿ, ಮೈಕೈ ನೋವು, ಒಂದು ವಾರ ಹಾಸಿಗೆ. ಜ್ವರ ಹೋಯಿತು. ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು.

ಮೊದಲ ದಿನ ಕಾಫಿ ಬರೀ ಬಿಸಿನೀರಾಗಿತ್ತು. ಎರಡನೆಯ ದಿನ ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂತು, ಈರುಳ್ಳಿ ಬರಲಿಲ್ಲ. ಮೆಣಸಿನಕಾಯಿ ಹುರಿದರೆ ಗಂಟಲು ಉರಿದು ಕೆಮ್ಮು ಬರುತ್ತಿತ್ತು. ಆದರೆ ಆ ಉರಿಯ ಹಿಂದೆ ಇರಬೇಕಾದದ್ದು ಇರಲಿಲ್ಲ, ಯಾರೋ ಮನೆ ಖಾಲಿ ಮಾಡಿ ದೀಪ ಮಾತ್ರ ಉರಿಸಿಟ್ಟು ಹೋದ ಹಾಗೆ. ಔಷಧಿ ಅಂಗಡಿಯ ಪಕ್ಕದ ವೈದ್ಯ ಗಂಟಲೊಳಗೆ ಬೆಳಕು ಬಿಟ್ಟು ನೋಡಿ, “ಬಂದ್ರೂ ಬರಬಹುದು, ಬರದೇ ಇದ್ರೂ ಇರಬಹುದು” ಎಂದ. ಇಷ್ಟನ್ನು ಎವೆರಾರ್ದೊ ಕೂಡ ಹೇಳಬಲ್ಲವನಾಗಿದ್ದ, ಅದಕ್ಕೆ ಬಿಳಿ ಕೋಟು ಬೇಕಿರಲಿಲ್ಲ.

ತೋಲಾ ಬೇರೆ ಯಾರಿಗೂ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗ್ಯಾಸ್ ಸೋರಿದರೂ ತಿಳಿಯದವಳ ಅಡುಗೆಮನೆಯ ಪಕ್ಕದಲ್ಲಿ ಯಾವ ತಾಯಿ ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸುತ್ತಾಳೆ? ಹಾಗಾಗಿ ತಟ್ಟೆಗಳನ್ನು ಮೊದಲಿನಂತೆಯೇ ಮೂಗಿಗೆ ಎತ್ತಿದಳು, ಕಣ್ಣು ಮುಚ್ಚಿದಳು, ಉಸಿರೆಳೆದಳು. ಒಳಗೆ ಬಂದದ್ದು ಬೆಚ್ಚಗಿನ ಗಾಳಿ, ಅಷ್ಟೇ. ಬಣ್ಣ ನೋಡಿ, ಕುದಿಯುವ ಸದ್ದು ಕೇಳಿ, ಮೂವತ್ತು ವರ್ಷದ ಕೈಯ ಅಂದಾಜಿನಲ್ಲಿ ಅಡುಗೆ ಸಾಗಿತು. ಸಂದೇಹ ಬಂದಾಗ, “ಏ ಯಾದಿರಾ, ತಿಂದು ತಿಂದು ನನಗೆ ನಾಲಿಗೆ ಜಡ್ಡಾಗಿದೆ, ನೀನು ನೋಡೇ” ಎನ್ನುತ್ತಿದ್ದಳು.

ಒಂದು ದಿನ ಯಾದಿರಾ ಮಾರುಕಟ್ಟೆಯಿಂದ ಬಂದವಳೇ ಕಿರುಚಿದಳು. “ಅಮ್ಮಾ! ಬೀನ್ಸ್ ಸೀದು ಕರಕಲಾಗ್ತಿದೆ, ಪಕ್ಕದಲ್ಲೇ ನಿಂತಿದ್ದೀಯಲ್ಲ!”

ತೋಲಾಳ ಎದೆ ಧಸಕ್ಕೆಂದಿತು. ಆದರೆ ಬಾಯಿ ಎದೆಗಿಂತ ಚುರುಕು. “ಗೊತ್ತು ಕಣೇ. ಬೇಕಂತಲೇ ಬಿಟ್ಟಿದ್ದೀನಿ. ಹೊಗೆ ಹಿಡಿದ ಬೀನ್ಸು. ನಮ್ಮಜ್ಜಿ ಹಿಂಗೇ ಮಾಡ್ತಿದ್ಲು.”

ಅದನ್ನೇ ಬಡಿಸಿದರು. ಎವೆರಾರ್ದೊ ಎರಡು ಸಲ ಹಾಕಿಸಿಕೊಂಡು, ಹಳೆಯ ಕಾಲದ ರುಚಿಯೆಂದರೆ ಇದು ಎಂದು ಪಕ್ಕದವನಿಗೆ ವಿವರಿಸಿದ. ಅವನ ನಾಲಿಗೆಯ ಯೋಗ್ಯತೆ ಅದು.

ಹಗಲಿನ ಭಯವನ್ನು ಹೀಗೆ ಮಾತಿನಲ್ಲಿ ತಳ್ಳಬಹುದಿತ್ತು. ಬೆಳಗಿನದನ್ನು ಆಗುತ್ತಿರಲಿಲ್ಲ. ಬೆಳಗ್ಗೆ ಮೊದಲು ಬಾಗಿಲು ತೆಗೆಯುವುದು ತೋಲಾ. ಮೊದಲೆಲ್ಲ ಒಳಗೆ ಕಾಲಿಟ್ಟ ಕೂಡಲೇ ಅಡುಗೆಮನೆಯೇ ಆಕೆಗೆ ಎಲ್ಲ ಹೇಳುತ್ತಿತ್ತು. ಟೊಮೆಟೊ ಹಣ್ಣಾಗಿದೆ, ಮೂಲೆಯಲ್ಲಿ ಇಲಿ ಬಂದು ಹೋಗಿದೆ, ಒಲೆ ಸುಮ್ಮನಿದೆ. ಈಗ ಬಾಗಿಲು ತೆಗೆದರೆ ಕತ್ತಲು ಮಾತ್ರ. ಆ ಕತ್ತಲು ಖಾಲಿಯೋ ತುಂಬಿದೆಯೋ ತಿಳಿಯುವ ಬಗೆಯಿರಲಿಲ್ಲ. ಹಿಂಬಾಗಿಲು, ಕಿಟಕಿ ಎಲ್ಲ ತೆರೆದು, ಬೀಸಣಿಗೆಯಿಂದ ನೆಲದ ಗಾಳಿಯನ್ನು ಹೊರಗೆ ಗುಡಿಸಿ, ಆಮೇಲೆ ಕಡ್ಡಿಪೆಟ್ಟಿಗೆ ಕೈಗೆತ್ತಿಕೊಳ್ಳುತ್ತಿದ್ದಳು. ಕೈ ಉದ್ದಕ್ಕೆ ಚಾಚಿ, ಮುಖ ಅತ್ತ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ಗೀರುತ್ತಿದ್ದಳು. ಪಟಪಟನೆ ನೀಲಿ ಉರಿ ಹತ್ತಿದ ಸದ್ದು ಕೇಳಿದ ಮೇಲೆ, ನಿಂತ ಉಸಿರು ತಿರುಗುತ್ತಿತ್ತು. ಊಟದ ಕೋಣೆಯ ಗೋಡೆಯ ಮೇಲೆ ಅಡುಗೆಯವರ ಸಂತ ಪಾಸ್ಕ್ವಾಲನ ಗೂಡು. ಒಲೆ ಹತ್ತಿದ ಮೇಲೆ ಅಲ್ಲೊಂದು ಮೇಣದ ದೀಪ ಹಚ್ಚಿಟ್ಟರೆ ಅಂಗಡಿ ಮುಚ್ಚುವವರೆಗೂ ಉರಿಯುತ್ತಿತ್ತು. ‘ಇವತ್ತೂ ಸುಡಲಿಲ್ಲವಲ್ಲ ಮಾರಾಯ’ ಎಂದು ಅವನ ಮುಂದೆ ಹೇಳಿ ಜೋಳ ತೊಳೆಯಲು ಕೂರುತ್ತಿದ್ದಳು.

ಮೇ ತಿಂಗಳಲ್ಲಿ ನೆಲ ನಡುಗಿತು. ಸಣ್ಣದು. ಗೋಡೆಯ ಚಿತ್ರಗಳು ವಾಲಿದವು, ಅಷ್ಟೇ. ಎಲ್ಲರೂ ರಸ್ತೆಯಲ್ಲಿ ನಿಂತರು. ಎಲ್ಲರ ಮುಖವೂ ತೋಲಾಳ ಕಡೆ ತಿರುಗಿತು.

“ಹೋಗಮ್ಮಾ ತಾಯಿ, ಮೂಸಿ ಬಾ” ಎಂದ ಎದುರುಗಡೆಯ ಚಮ್ಮಾರ ದೊನ್ ಫಿದೆನ್ಸಿಯೊ. “ನನ್ನ ಮೂಗು ಅಂಟಿನ ಡಬ್ಬಿಗೇ ಅರ್ಪಣೆಯಾಗಿ ಹೋಗಿದೆ, ಇಲ್ದಿದ್ರೆ ನಾನೇ ಹೋಗ್ತಿದ್ದೆ.”

ಆಕೆ ಒಳಗೆ ಹೋದಳು. ಅಡುಗೆಮನೆಯ ನಡುವೆ ನಿಂತಳು. ಉಸಿರೆಳೆದಳು. ಏನೂ ಇಲ್ಲ. ಆದರೆ ಆ ಏನೂ ಇಲ್ಲ ಎಂಬುದಕ್ಕೆ ಅರ್ಥವಿರಲಿಲ್ಲ. ರಮೋನಾಳ ಮನೆಗೆ ಹೋದಳು, ಮೂರನೇ ಮಹಡಿಗೆ ಹೋದಳು, ಎಲ್ಲ ಕಡೆಯೂ ಅದೇ ಏನೂ ಇಲ್ಲ. ಹೊರಗೆ ಬಂದು ಎಲ್ಲರನ್ನೂ ನೋಡಿದಳು. ರಮೋನಾ ಐದು ತಿಂಗಳ ಮೊಮ್ಮಗಳನ್ನು ಎದೆಗೊತ್ತಿಕೊಂಡು ಕಾಯುತ್ತಿದ್ದಳು. “ಬನ್ನಿ” ಎಂದಳು ತೋಲಾ. ಎಲ್ಲರೂ ಒಳಗೆ ನುಗ್ಗಿದರು. ಮೇಲಿನ ಮನೆಗಳಲ್ಲಿ ಒಂದೊಂದೇ ಒಲೆ ಹತ್ತಿದ ಸದ್ದು ಕೇಳುತ್ತ ಆಕೆ ರಸ್ತೆಯ ಕಂಬ ಹಿಡಿದು ನಿಂತೇ ಇದ್ದಳು. ಏನೂ ಆಗಲಿಲ್ಲ. ಆದರೆ ಅಂದಿನಿಂದ ಮೇಲಿನ ಮನೆಯಲ್ಲಿ ಪಾತ್ರೆ ಬಿದ್ದರೂ ಆಕೆಯ ಕೈಯ ಚಾಕು ನಿಂತುಬಿಡುತ್ತಿತ್ತು.

ಮತ್ತೆ ನಡುಗಿದ್ದು ಮಳೆಗಾಲದ ನಡುವಿನ ಒಂದು ಶುಕ್ರವಾರ, ಮಧ್ಯಾಹ್ನದ ಊಟ ರಂಗೇರಿದ್ದ ಹೊತ್ತಿನಲ್ಲಿ. ಆರು ಮೇಜೂ ಭರ್ತಿ. ರಮೋನಾಳ ಸಂಸಾರ ಮೂರು ಮೇಜು ಜೋಡಿಸಿಕೊಂಡು ಕೂತಿತ್ತು, ಮೊಮ್ಮಗ ಪ್ರಾಥಮಿಕ ಶಾಲೆ ಮುಗಿಸಿದ ಸಂಭ್ರಮ. ಎತ್ತರದ ಕುರ್ಚಿಯಲ್ಲಿ ಈಗ ಕೂರುವಷ್ಟು ದೊಡ್ಡವಳಾದ ಆ ಮೊಮ್ಮಗಳು. ಎವೆರಾರ್ದೊ ಗೋಡೆಬದಿಯಲ್ಲಿ ಕೂತು ಪೊಸೋಲೆ ಎಂಬ ಮೆಕ್ಕೆಜೋಳದ ಸೂಪಿನ ಬಟ್ಟಲಿಗೆ ನಿಂಬೆ ಹಿಂಡುತ್ತಿದ್ದ.

ರಸ್ತೆಯ ಕಂಬದ ಮೇಲಿನ, ಭೂಕಂಪದ ಎಚ್ಚರಿಕೆ ಕೊಡುವ ಧ್ವನಿವರ್ಧಕ ಊಳಿಡತೊಡಗಿತು. ಆ ಸದ್ದು ಕೇಳಿ ಬೆಳೆದವರಿಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿಲ್ಲ, ಕಾಲುಗಳಿಗೆ ನೇರವಾಗಿ ಕೇಳಿಸುತ್ತದೆ. ಎವೆರಾರ್ದೊನ ಕಾಲಿಗೆ ಎಲ್ಲರಿಗಿಂತ ಮೊದಲು ಕೇಳಿಸಿತು. ಒಬ್ಬ ಮುದುಕಿಯನ್ನೂ ಇಬ್ಬರು ಮಕ್ಕಳನ್ನೂ ದಾಟಿಕೊಂಡು, ಕುತ್ತಿಗೆಗೆ ಸಿಕ್ಕಿಸಿದ ಕಾಗದದ ಕರವಸ್ತ್ರ ಹಾರಾಡುತ್ತಿರುವಂತೆ, ಕೈಯಲ್ಲಿ ತುಂಬಿದ ಚಮಚ ಹಿಡಿದು, ರಸ್ತೆಯ ಮಧ್ಯಕ್ಕೆ ತಲುಪಿದವರಲ್ಲಿ ಅವನೇ ಮೊದಲಿಗ.

ಒಳಗೆ ತೋಲಾ ಒಲೆಯ ತಿರುಪುಗಳ ಮೇಲೆ ಕೈಯಾಡಿಸಿದಳು. ಆರಿಸಿದೆ ಎಂದುಕೊಂಡಳು. ಅಷ್ಟರಲ್ಲಿ ನೆಲ ಎದ್ದಿತು. ಕುದಿಯುವ ಬೀನ್ಸಿನ ಹಂಡೆ ಆಚೀಚೆ ತೂಗಿ ಚೆಲ್ಲಿತು, ಗೋಡೆಯ ಗಾರೆ ಉದುರಿತು, ಯಾದಿರಾ ತಾಯಿಯ ತೋಳು ಹಿಡಿದು ಹೊರಗೆ ಎಳೆದಳು. ರಸ್ತೆಯಲ್ಲಿ ದೀಪದ ತಂತಿಗಳು ಹಗ್ಗದಾಟದ ಹಗ್ಗದಂತೆ ಬೀಸುತ್ತಿದ್ದವು. ಹೆಂಗಸರು ಮಕ್ಕಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಮಾತೆ ಮರಿಯಮ್ಮನನ್ನು ಕರೆಯುತ್ತಿದ್ದರು. ಕಟ್ಟಡ ಒಂದು ಸಲ ನರಳಿದಂತೆ ಸದ್ದು ಮಾಡಿ ನಿಂತಿತು. ಆಮೇಲೆ ನಾಯಿಗಳು ಮಾತ್ರ.

ಬ್ರೆಡ್ಡಿನ ಅಂಗಡಿಯವನು ಬುಟ್ಟಿ ತಂದು ಹೆದರಿಕೆ ಇಳಿಯಲಿ ಎಂದು ಎಲ್ಲರ ಕೈಗೂ ಒಂದೊಂದು ಬೊಲಿಯೊ ಬನ್ನು ತುರುಕತೊಡಗಿದ. ಜನ ಒಣಗಿದ ಬಾಯಲ್ಲಿ ಅದನ್ನೇ ಅಗಿಯುತ್ತಿದ್ದರು.

“ವಾಸನೆ ಬರ್ತಿದೆ!” ಎಂದಿತು ಒಂದು ದನಿ.

“ಎಲ್ಲಿ? ನಂಗೇನೂ ಇಲ್ಲಪ್ಪ.”

“ಬರ್ತಿದೆ ಕಣ್ರೀ, ಮೇಲಿಂದ!”

“ಅದು ಮೋರಿದು.”

ರಮೋನಾಳ ಸೊಸೆಯ ತೋಳಲ್ಲಿ ಮಗು ಕಿರುಚಿಕೊಂಡು ಅಳುತ್ತಿತ್ತು. “ಅತ್ತೆ, ಇವಳಿಗೆ ಹಾಲು ಬಿಸಿ ಮಾಡಬೇಕು. ಒಂದ್ನಿಮಿಷ ಮೇಲೆ ಹೋಗ್ಬರ್ತೀನಿ.”

“ನಿಲ್ಲೇ ಅಲ್ಲೇ” ಎಂದಳು ರಮೋನಾ. “ಕೊಮಾದ್ರೆ ಹೇಳೋ ತನಕ ಯಾರೂ ಒಂದು ಹೆಜ್ಜೆ ಇಡಕೂಡದು. ಕೊಮಾದ್ರೆ, ಹೋಗು. ಎಲ್ಲರ ಹೊಟ್ಟೆ ನಿನ್ನ ಕೈಲಿತ್ತು, ಈಗ ಪ್ರಾಣ ನಿನ್ನ ಮೂಗಲ್ಲಿದೆ.”

ಕೆಲವರು ನಕ್ಕರು, ಹೆದರಿದವರು ನಗುವ ಹಾಗೆ. ತೋಲಾ ಹೋದಳು.

ಊಟದ ಕೋಣೆಯಲ್ಲಿ ಕುರ್ಚಿಗಳು ಮಗುಚಿ ಬಿದ್ದಿದ್ದವು. ಕಾಲ ಕೆಳಗೆ ಗಾರೆಯ ಚೂರು. ಕಿಂಡಿಯಾಚೆಯ ಅಡುಗೆಮನೆ ಮಸುಕಾಗಿತ್ತು. ದೀಪದ ಗುಂಡಿಯತ್ತ ಕೈ ತಾನಾಗಿಯೇ ಹೋಯಿತು, ಇನ್ನೇನು ಒತ್ತಬೇಕು ಎನ್ನುವಾಗ ನಿಂತಿತು. ಒಂದು ಕಿಡಿ ಸಾಕು. ಕೈಯನ್ನು ಹಾವು ಕಂಡಂತೆ ಹಿಂದೆಗೆದುಕೊಂಡಳು. ನಿಂತಲ್ಲೇ ಉಸಿರೆಳೆದಳು. ಇನ್ನೊಮ್ಮೆ, ಹೊಟ್ಟೆಯ ತಳದಿಂದ. ಬೀನ್ಸ್ ಚೆಲ್ಲಿ ಹಬೆಯೇಳುತ್ತಿರುವುದು ಕಾಣುತ್ತಿತ್ತು, ವಾಸನೆಯಿಲ್ಲ. ತಾನು ಈಗ ಗಾಳಿಯಲ್ಲಿ ನಿಂತಿದ್ದೇನೆಯೋ, ಸೊಂಟದವರೆಗೆ ಗ್ಯಾಸಿನಲ್ಲಿ ಮುಳುಗಿ ನಿಂತಿದ್ದೇನೆಯೋ? ಎರಡೂ ಒಂದೇ ಥರ ಇತ್ತು.

ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಮುಚ್ಚಿದ್ದವು. ಹೋಗಿ ‘ಬನ್ನಿ’ ಎಂದುಬಿಡೋಣವೆನ್ನಿಸಿತು. ಬಾಗಿಲವರೆಗೆ ಹೋದಳು ಕೂಡ. ಹೊರಗಿನಿಂದ ಮಗುವಿನ ಅಳು ಕೇಳಿಸಿತು. ತಿರುಗಿ ಬಂದಳು.

ಪಾತ್ರೆ ತೊಳೆಯುವ ಬಾನಿಯಲ್ಲಿ ಸಾಬೂನಿನ ನೀರಿತ್ತು. ನಾರನ್ನು ಅದರಲ್ಲಿ ಅದ್ದಿ ನೊರೆ ಬರಿಸಿ, ಒಲೆಯ ಹಿಂದಕ್ಕೆ ಕೈ ತೂರಿಸಿದಳು. ಹೊಸ ಕೊಳವೆ ಹಾಕಿದಾಗ ಗ್ಯಾಸಿನ ಹುಡುಗರು ಮಾಡುವುದನ್ನು ನೋಡಿದ್ದಳು. ಒಲೆ ತನ್ನ ಜಾಗದಿಂದ ಒಂದು ಗೇಣು ಸರಿದಿತ್ತು, ಕೊಳವೆ ಬಿಗಿದ ನರದಂತೆ ಸೆಟೆದಿತ್ತು. ಬೆಸುಗೆಗೆ ನೊರೆ ಮೆತ್ತಿದಳು. ನೊರೆ ಸುಮ್ಮನಿತ್ತು. ಆಮೇಲೆ ಅದರ ನಡುವಿನಿಂದ ಒಂದು ಗುಳ್ಳೆ ಎದ್ದು, ಕಪ್ಪೆಯ ಗಂಟಲಿನಂತೆ ಉಬ್ಬಿ, ಒಡೆಯಿತು. ಹಿಂದೆಯೇ ಇನ್ನೊಂದು. ಇನ್ನೊಂದು.

ತೋಲಾ ನಾರನ್ನು ಬಿಟ್ಟು ಎದ್ದಳು. ಗೋಡೆಯ ಕವಾಟದ ಹಿಡಿ ಹಿಡಿದು ತಿರುಗಿಸಿದಳು. ಕೈ ಸಾಬೂನಿನಿಂದ ಜಾರಿತು. ಲಂಗಕ್ಕೆ ಒರೆಸಿಕೊಂಡು ಮತ್ತೆ ತಿರುಗಿಸಿದಳು. ಮುಚ್ಚಿಕೊಂಡಿತು. ಆಗ ತಲೆಯೆತ್ತಿದರೆ ಕಿಂಡಿಯಾಚೆ, ಊಟದ ಕೋಣೆಯ ಗೋಡೆಯ ಮೇಲೆ, ಸಂತ ಪಾಸ್ಕ್ವಾಲನ ಮುಂದೆ ಮೇಣದ ದೀಪ ಹಾಯಾಗಿ ಉರಿಯುತ್ತಿತ್ತು.

ಇಷ್ಟು ಹೊತ್ತೂ ಉರಿಯುತ್ತಲೇ ಇತ್ತು.

ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಿದು ನಿಧಾನವಾಗಿ ಮೇಲೇರುತ್ತದೆ. ಆ ಗೂಡಿನ ಎತ್ತರಕ್ಕೆ ಇನ್ನೂ ಏರಿಲ್ಲ, ಅಷ್ಟೇ. ಓಡಿದರೆ ನೆಲದ್ದು ಮೇಲೇಳುತ್ತದೇನೋ ಎಂದು ತೋಲಾ ನೀರಿನಲ್ಲಿ ನಡೆಯುವವರಂತೆ ಒಂದೊಂದೇ ಹೆಜ್ಜೆ ಜಾರಿಸುತ್ತ ಕೋಣೆ ದಾಟಿದಳು. ಕುರ್ಚಿ ಹತ್ತಿದಳು. ಬೆರಳು ಒದ್ದೆ ಮಾಡಿಕೊಳ್ಳಲು ಬಾಯಲ್ಲಿ ಉಗುಳಿರಲಿಲ್ಲ. ಸಾಬೂನು ಹತ್ತಿದ ಬೆರಳಿನಿಂದಲೇ ಬತ್ತಿಯನ್ನು ಹಿಸುಕಿದಳು. ಚುರ್ ಎಂದಿತು. ಗೋಡೆ ಹಿಡಿದು ಕುರ್ಚಿಯಿಂದ ಇಳಿದಳು. ಬಾಗಿಲು ಕಿಟಕಿಗಳನ್ನು ಹಾರುಹೊಡೆದು ಹೊರಗೆ ಬಂದಳು.

“ನಮ್ಮದು ಸೋರ್ತಿತ್ತು” ಎಂದಳು. “ಕವಾಟ ಮುಚ್ಚಿದ್ದೀನಿ. ಯಾರೂ ಒಳಗೆ ಹೋಗ್ಬೇಡಿ.”

ರಸ್ತೆಯಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಫಿದೆನ್ಸಿಯೊ ಚಪ್ಪಾಳೆ ತಟ್ಟಿದ. “ನೋಡಿದ್ರಾ! ಆ ಮೂಗಿಗೆ ಚಿನ್ನದ ಕವಚ ಮಾಡಿಸ್ಬೇಕು. ವಕೀಲ್ರೇ, ಬರ್ಕೊಳಿ, ಠಸ್ಸೆ ಹೊಡೀರಿ!”

ಎವೆರಾರ್ದೊ ಇನ್ನೂ ಚಮಚ ಹಿಡಿದೇ ನಿಂತಿದ್ದ. ತಲೆಯಾಡಿಸಿದ.

ಅಲ್ಲಿಗೇ ಮುಗಿದಿದ್ದರೆ ತೋಲಾ ಬಚಾವಾಗುತ್ತಿದ್ದಳು, ಹೆಸರು ಮೊದಲಿಗಿಂತ ದೊಡ್ಡದಾಗುತ್ತಿತ್ತು. ಆದರೆ ರಮೋನಾ ಬಂದು ಕೈ ಹಿಡಿದಳು. “ಪುಣ್ಯಾತ್ಗಿತ್ತಿ! ಬಾ, ಈಗ ನಮ್ಮನೆ ಮೂಸಿಬಿಡು. ಮಗು ಹಸಿದು ಸಾಯ್ತಿದೆ. ಒಂದೇ ಒಂದು ಉಸಿರು, ಹೂಂ ಅನ್ನು, ಹಾಲು ಬಿಸಿಗಿಡ್ತೀನಿ.”

ಸೊಸೆ ಆಗಲೇ ಮೆಟ್ಟಿಲ ಬುಡದಲ್ಲಿದ್ದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಹಾಲಿನ ಬಾಟಲಿ. ತೋಲಾ ಮೂರು ಮೆಟ್ಟಿಲು ಹತ್ತಿದಳು. ಮೇಲೆ ಇನ್ನೂ ಆರು ಮನೆ, ಆರು ಒಲೆ, ಸರಿದು ಸೆಟೆದ ಆರು ಕೊಳವೆ. ಮೇಲಿನ ತಿರುವಿನಲ್ಲಿ ಕತ್ತಲು. ಹಿಂದಿನಿಂದ ಮಗುವಿನ ಬಿಸಿ ಉಸಿರು ತನ್ನ ಮೊಣಕೈಗೆ ತಾಗಿದಂತಾಯಿತು.

ಆಕೆ ತಿರುಗಿ ಎರಡೂ ಕೈ ಅಗಲಿಸಿ ಮೆಟ್ಟಿಲಿಗೆ ಅಡ್ಡ ನಿಂತಳು.

“ನನ್ನ ಮೂಗು ಸತ್ತಿದೆ” ಎಂದಳು.

“ಏನಂದೆ?”

“ವಾಸನೆ ಬರಲ್ಲ ನಂಗೆ. ಜನವರಿಯಿಂದ. ಜ್ವರ ಬಂತಲ್ಲ, ಆವಾಗಿಂದ. ಯಾವುದೂ ಬರಲ್ಲ.”

ರಮೋನಾ ನಕ್ಕಳು. “ತಮಾಷೆ ಮಾಡೋ ಹೊತ್ತೇನೇ ಇದು?”

“ಫಿದೆನ್ಸಿಯೊ, ನಿನ್ನ ಅಂಟಿನ ಡಬ್ಬಿ ತಾ.”

ಫಿದೆನ್ಸಿಯೊ ಎದುರು ಬದಿಗೆ ಹೋಗಿ ಡಬ್ಬಿ ತಂದ. ಮುಚ್ಚಳ ತೆಗೆದದ್ದೇ ಸುತ್ತಲಿದ್ದವರು ಮುಖ ಸಿಂಡರಿಸಿ ಹಿಂದೆ ಸರಿದರು. ತೋಲಾ ಅದರೊಳಗೆ ಮೂಗಿಟ್ಟು ಉದ್ದಕ್ಕೆ ಉಸಿರೆಳೆದಳು. ಕಣ್ಣಲ್ಲಿ ನೀರು ತುಂಬಿ ಹರಿಯಿತು. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

“ಗುಲಾಬಿ ಅಂದ್ರೂ ನಂಬ್ತೀನಿ” ಎಂದಳು.

ಯಾದಿರಾ ಬಾಯಿಗೆ ಕೈ ಹಿಡಿದುಕೊಂಡು ತಾಯಿಯನ್ನೇ ನೋಡುತ್ತಿದ್ದಳು, ಸೀದ ಬೀನ್ಸಿನ ಲೆಕ್ಕ ಅವಳಿಗೆ ಈಗ ಹತ್ತಿದಂತಿತ್ತು. ಮೊದಲು ಅಲುಗಿದವನು ಫಿದೆನ್ಸಿಯೊ. ಪಕ್ಕದ ಕಟ್ಟಡದ ಏಣಿಯಿಂದ ತಾರಸಿಗೆ ಹೋಗಿ ದೊಡ್ಡ ಟ್ಯಾಂಕಿನ ಕವಾಟ ಮುಚ್ಚುತ್ತೇನೆಂದು ಹೊರಟ. ಯಾರೋ ನಾಗರಿಕ ರಕ್ಷಣೆಯವರಿಗೆ ಫೋನು ಹಚ್ಚಿದರು. ಹಣ್ಣಿನ ರಸದ ಗಾಡಿಯವಳು ಬಾಟಲಿಯನ್ನು ಬಿಸಿನೀರಲ್ಲಿ ಅದ್ದಿ ಕೊಟ್ಟಳು. ಮಗು ಸುಮ್ಮನಾಯಿತು. ಅದು ಸುಮ್ಮನಾದ ಮೇಲೆ ಉಳಿದದ್ದೆಲ್ಲ ಇನ್ನೂ ಸ್ಪಷ್ಟವಾಗಿ ಕೇಳಿಸತೊಡಗಿತು.

ರಮೋನಾ ಅರ್ಧ ತಿಂದ ಬನ್ನನ್ನು ಕೈಯಲ್ಲಿ ಹಿಸುಕುತ್ತ ಕೊಮಾದ್ರೆಯ ಮುಂದೆ ಬಂದು ನಿಂತಳು. ಇಷ್ಟು ವರ್ಷ ಜಗಳವಾಡಿದ ದನಿಯಲ್ಲಿ ಅಲ್ಲ, ಎವೆರಾರ್ದೊ ಎಂದೂ ಕೇಳದ ಸಣ್ಣ ದನಿಯಲ್ಲಿ ಮಾತಾಡಿದಳು.

“ಮೇ ತಿಂಗಳಲ್ಲಿ ಮೂಸಿ ನೋಡಿ ಬಂದು ‘ಬನ್ನಿ’ ಅಂದೆಯಲ್ಲ. ನಿನ್ನ ಮಾತು ನಂಬಿ ಈ ಕೂಸನ್ನ ಎತ್ಕೊಂಡು ಒಳಗೆ ಹೋದೆ. ನಾನೇ ಒಲೆ ಹಚ್ಚಿದೆ. ಅವತ್ತು ಏನು ವಾಸನೆ ನೋಡಿ ಹೇಳ್ದೆ?”

ತೋಲಾ ಸಾಬೂನು ಒಣಗಿ ಬಿಳಿಯಾಗಿದ್ದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಕಣ್ಣು ತಪ್ಪಿಸಲಿಲ್ಲ.

“ಏನೂ ಇಲ್ಲ. ಅಂಗಡಿ ಮುಚ್ಚಬೇಕಾಗುತ್ತೆ ಅಂತ ಹೆದರಿ ಸುಳ್ಳು ಹೇಳ್ದೆ.”